ದ್ವೀಪದಿಂದ ದ್ವೀಪಕ್ಕೆ: ಆಲ್‌ಫ್ರೆಡ್ ರಸೆಲ್ ವಾಲೇಸ್

ನಮ್ಮ ಕಾಲೇಜಿನ ವಾಚನಾಲಯದ ಗೋಡೆಯ ಮೇಲೆ ಆಗ್ನೇಯ ಏಷ್ಯದ ಹಳೆಯ ಭೂಪಟವೊಂದು ತೂಗುತ್ತಿದೆ. ಸುಮಾತ್ರದ ತುದಿಯಿಂದ ನ್ಯೂಗಿನಿಯವರೆಗೆ, ಸಮಭಾಜಕ ವೃತ್ತದ ಎರಡು ಮಗ್ಗುಲಲ್ಲಿಯೂ, ಯಾರೋ ಮುಷ್ಟಿಯ ಕಾಳನ್ನು ಎರಚಿದಂತೆ ದ್ವೀಪಗಳು ಚೆಲ್ಲಿಕೊಂಡಿವೆ. ಇಂದು ಅದರ ಬಹುಭಾಗ ಇಂಡೊನೇಷ್ಯವೆಂಬ ಒಂದೇ ರಾಷ್ಟ್ರ. 17,000ಕ್ಕೂ ಮಿಕ್ಕ ದ್ವೀಪಗಳು, ಪೂರ್ವಪಶ್ಚಿಮವಾಗಿ ಸುಮಾರು 5,000 ಕಿಲೋಮೀಟರ್ ಹರವು, 700ಕ್ಕೂ ಹೆಚ್ಚು ಭಾಷೆಗಳು. ಪಾಠಗಳ ನಡುವೆ ಬಿಡುವು ದೊರೆತಾಗ ಆ ಪಟದ ಮುಂದೆ ನಿಲ್ಲುವುದು ನನಗೆ ಹಳೆಯ ಚಾಳಿ. ಬೆರಳನ್ನು ಒಂದು ದ್ವೀಪದಿಂದ ಇನ್ನೊಂದಕ್ಕೆ ಸರಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದುಹೋಗುತ್ತದೆ. ಹಾಗೆ ನಿಂತಾಗಲೆಲ್ಲ ನನಗೆ ನೆನಪಾಗುವವನು ಆಲ್‌ಫ್ರೆಡ್ ರಸೆಲ್ ವಾಲೇಸ್. ಅವನು ಆ ಕಡಲುಗಳಲ್ಲಿ ಎಂಟು ವರ್ಷ ಅಲೆದ. ಸುಮಾರು 14,000 ಮೈಲಿಗಳ ದಾರಿಯನ್ನು ಅರುವತ್ತು ಎಪ್ಪತ್ತು ಪ್ರಯಾಣಗಳಲ್ಲಿ ಸವೆಸಿದ. ಕನ್ನಡ ಪಾಠ ಹೇಳುವವನಿಗೆ ಜೀರುಂಡೆ ಹಿಡಿಯುವವನ ಗೊಡವೆ ಏಕೆ ಎಂದು ವಿದ್ಯಾರ್ಥಿಯೊಬ್ಬ ಒಮ್ಮೆ ನನ್ನನ್ನು ಕೇಳಿದ. ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಈ ಲೇಖನವನ್ನು ಆ ಉತ್ತರವೆಂದೇ ತಿಳಿಯಬಹುದು.

ವಾಲೇಸನು ಹುಟ್ಟಿದ್ದು 1823ರ ಜನವರಿ 8ರಂದು, ವೇಲ್ಸ್ ಸೀಮೆಯ ಅಸ್ಕ್ ಎಂಬ ಸಣ್ಣ ಊರಿನ ಬಳಿ. ತಂದೆಯ ಕೈಯಲ್ಲಿದ್ದ ಹಣ ವರ್ಷವರ್ಷಕ್ಕೂ ಕರಗುತ್ತಿತ್ತು, ಮಕ್ಕಳು ಬಹಳ. ಹದಿನಾಲ್ಕರ ಹೊತ್ತಿಗೆ ಹುಡುಗನ ಶಾಲೆ ಮುಗಿಯಿತು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಅವನು ವಿದ್ಯಾರ್ಥಿಯಾಗಿ ಎಂದೂ ಹತ್ತಲಿಲ್ಲ. ಅಣ್ಣನೊಡನೆ ಸರಪಳಿ ಹಿಡಿದು ಹೊಲಗಳ ಮೋಜಣಿ ಮಾಡುತ್ತ ತಿರುಗಿದ. ಬೇಲಿಯ ಬದಿಯ ಗಿಡಗಳ ಹೆಸರನ್ನು ತಿಳಿಯಬೇಕೆಂಬ ಆಸೆ ಅಲ್ಲಿ ಮೊಳೆಯಿತು. 1844ರಲ್ಲಿ ಲೆಸ್ಟರ್ ಊರಿನ ಶಾಲೆಯೊಂದರಲ್ಲಿ ಉಪಾಧ್ಯಾಯನಾದ. ಜೀರುಂಡೆಗಳ ಹುಚ್ಚು ಹತ್ತಿದ್ದ ಹೆನ್ರಿ ಬೇಟ್ಸ್ ಎಂಬ ತರುಣನ ಸ್ನೇಹವಾದದ್ದು ಆ ಊರಿನಲ್ಲಿಯೇ.

1848ರಲ್ಲಿ ಈ ಇಬ್ಬರೂ ದಕ್ಷಿಣ ಅಮೆರಿಕದ ಅಮೆಜಾನ್ ಕಣಿವೆಗೆ ಹೊರಟರು. ಕೀಟಗಳನ್ನೂ ಹಕ್ಕಿಗಳನ್ನೂ ಹಿಡಿದು ಲಂಡನ್ನಿನ ಏಜಂಟನಿಗೆ ಕಳಿಸುವುದು, ಅವನು ಮಾರಿ ಕೊಟ್ಟ ಹಣದಿಂದ ಮುಂದೆ ನಡೆಯುವುದು, ಇದು ಅವರ ಜೀವನೋಪಾಯ. ನಾಲ್ಕು ವರ್ಷ ವಾಲೇಸನು ಅಲ್ಲಿದ್ದ. ಜೊತೆಗೂಡಲು ಬಂದ ತಮ್ಮ ಹರ್ಬರ್ಟ್ ಹಳದಿಜ್ವರದಿಂದ ತೀರಿಕೊಂಡ. 1852ರಲ್ಲಿ ವಾಲೇಸನು ತಾಯ್ನಾಡಿಗೆ ಮರಳುತ್ತಿದ್ದಾಗ ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿತ್ತು. ಸಂಗ್ರಹದ ಬಹುಪಾಲು ಕಣ್ಣೆದುರಿಗೇ ಬೂದಿಯಾಯಿತು. ಕೈಗೆ ಸಿಕ್ಕ ಕೆಲವು ಚಿತ್ರಗಳನ್ನೂ ಟಿಪ್ಪಣಿಗಳನ್ನೂ ತಗಡಿನ ಪೆಟ್ಟಿಗೆಯೊಂದರಲ್ಲಿ ತುಂಬಿಕೊಂಡು ಅವನು ದೋಣಿಗೆ ಇಳಿದ. ತೆರೆದ ದೋಣಿಯಲ್ಲಿ ಹತ್ತು ದಿನ ಕಳೆದ ಮೇಲೆ ಬೇರೊಂದು ಹಡಗು ಅವರನ್ನು ಎತ್ತಿಕೊಂಡಿತು. ಏಜಂಟನು ಮುಂಜಾಗ್ರತೆಯಿಂದ ಮಾಡಿಸಿದ್ದ 200 ಪೌಂಡಿನ ವಿಮೆಯೊಂದೇ ಉಳಿದ ಆಸ್ತಿ. ಇನ್ನು ಸಮುದ್ರದ ಸಹವಾಸ ಸಾಕೆಂದು ಎಂಥವನಾದರೂ ಹೇಳಬಹುದಾದ ಹೊತ್ತು ಅದು. ಆದರೆ ಎರಡು ವರ್ಷ ತುಂಬುವುದರೊಳಗೆ, 1854ರ ಏಪ್ರಿಲಿನಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ, ವಾಲೇಸನು ಸಿಂಗಪುರದ ಬಂದರಿನಲ್ಲಿ ಇಳಿದ.

ಸಿಂಗಪುರದಿಂದ ಅವನು ಹೋದದ್ದು ಬೋರ್ನಿಯೋ ದ್ವೀಪದ ಸರಾವಾಕಿಗೆ. ಅಲ್ಲಿ 1855ರಲ್ಲಿ ಅಲಿ ಎಂಬ ಮಲಯ ಹುಡುಗ ಅಡುಗೆಯ ಕೆಲಸಕ್ಕೆ ಸೇರಿದ. ವಾಲೇಸನಿಗೆ ಮಲಯ ಭಾಷೆಯನ್ನು ಕಲಿಸಿದವನೂ, ಮುಂದೆ ಬಂದೂಕು ಹಿಡಿದು ಹಕ್ಕಿ ಹೊಡೆಯುವುದನ್ನೂ ತೊಗಲು ಸುಲಿದು ಕೆಡದಂತೆ ಇಡುವುದನ್ನೂ ಕಲಿತು ಬಲಗೈಯಾದವನೂ ಈ ಹುಡುಗನೇ. ಅವನ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಬೋರ್ನಿಯೋದ ಒಂದು ಪ್ರಸಂಗವನ್ನು ನಾನು ಮರೆಯಲಾರೆ. ವಾಲೇಸನು ಒರಾಂಗುಟಾನ್ ವಾನರಗಳನ್ನು ಸಂಗ್ರಹಕ್ಕಾಗಿ ಬೇಟೆಯಾಡುತ್ತಿದ್ದ. ಒಂದು ಹೆಣ್ಣನ್ನು ಹೊಡೆದು ಉರುಳಿಸಿದಾಗ ಅದರ ಎಳೆಯ ಮರಿ ಕೆಸರಿನಲ್ಲಿ ಮುಖವಿಟ್ಟು ಬಿದ್ದಿತ್ತು. ಅದನ್ನು ಮನೆಗೆ ತಂದ. ಹಾಲು ದೊರೆಯದ ಊರಿನಲ್ಲಿ ಅಕ್ಕಿಯ ಗಂಜಿತಿಳಿಯನ್ನು ಕುಡಿಸಿದ, ಮೈ ತೊಳೆದ, ತಲೆ ಬಾಚಿದ, ತಾಯಿಯ ಕೂದಲಿಗಾಗಿ ತಡಕುವ ಕೈಗಳಿಗೆ ಆಸರೆಯಾಗಲೆಂದು ಎಮ್ಮೆಯ ತೊಗಲಿನ ತುಂಡನ್ನು ಸುತ್ತಿ ಒಂದು ಬೊಂಬೆಯನ್ನೂ ಮಾಡಿಕೊಟ್ಟ. ಹತ್ತಿರ ಹತ್ತಿರ ಮೂರು ತಿಂಗಳು ಬದುಕಿ ಆ ಮರಿ ಜ್ವರದಿಂದ ಸತ್ತಿತು. ಅವನು ಮಗುವನ್ನು ಕಳೆದುಕೊಂಡವನಂತೆ ಮರುಗಿದ. ಆ ಬಳಿಕ ಅದರ ತೊಗಲನ್ನೂ ಎಲುಬುಗಳನ್ನೂ ಸಂಗ್ರಹಕ್ಕೆ ಸೇರಿಸಿದ. ಈ ಎರಡು ಕೆಲಸಗಳನ್ನೂ ಮಾಡಿದ ಕೈ ಒಂದೇ. ಅವನ ಜೀವನವನ್ನು ಓದುವಾಗ ಈ ಇಕ್ಕಟ್ಟು ನಮ್ಮನ್ನು ಬಿಡದೆ ಹಿಂಬಾಲಿಸುತ್ತದೆ.

1856ರಲ್ಲಿ ವಾಲೇಸನು ಸೆಲೆಬಿಸಿನ, ಎಂದರೆ ಇಂದಿನ ಸುಲವೇಸಿಯ, ಮಕಾಸರ್ ಬಂದರಿಗೆ ಹೋಗಬೇಕಾಗಿತ್ತು. ನೇರವಾದ ಹಡಗು ಸಿಗಲಿಲ್ಲ. ಬಾಲಿಗೂ ಅಲ್ಲಿಂದ ಲೊಂಬೊಕ್ಕಿಗೂ ಹೋಗುವ ಹಡಗೊಂದನ್ನು ಹತ್ತಿದ. ಬಾಲಿಯಲ್ಲಿ ನಿಂತದ್ದು ಎರಡೇ ದಿನ. ನಡುವಣ ಜಲಸಂಧಿ ಇಕ್ಕಟ್ಟಾದ ಕಡೆಯಲ್ಲಿ ಸುಮಾರು ಹದಿನೈದು ಮೈಲಿ ಎಂದು ಅವನು ಲೆಕ್ಕ ಹಾಕಿದ್ದಾನೆ. ಒಂದು ದಡದಿಂದ ಇನ್ನೊಂದು ದಡದ ಬೆಟ್ಟ ಕಾಣುತ್ತದೆ. ಮಣ್ಣು, ಮಳೆ, ಬಿಸಿಲು ಬಹುಮಟ್ಟಿಗೆ ಒಂದೇ. ಆದರೆ ಬಾಲಿಯಲ್ಲಿ ಕಂಡ ಮರಕುಟಿಗಗಳು, ಕುಟ್ರುಹಕ್ಕಿಗಳು ಲೊಂಬೊಕ್ಕಿನಲ್ಲಿ ಕಾಣಿಸಲಿಲ್ಲ. ಅವುಗಳ ಬದಲು ಬಿಳಿಯ ಕಾಕಟೂ ಗಿಳಿಗಳು ಕಿರಿಚುತ್ತಿದ್ದುವು. ಮೊಟ್ಟೆಗೆ ಕಾವು ಕೊಡದೆ ಮಣ್ಣು ತರಗೆಲೆಗಳ ಗುಡ್ಡೆಯಲ್ಲಿ ಹುಗಿದುಬಿಡುವ ವಿಚಿತ್ರ ಪಕ್ಷಿಗಳು ಓಡಾಡುತ್ತಿದ್ದುವು. ಇವೆರಡೂ ಆಸ್ಟ್ರೇಲಿಯದ ಕಡೆಯ ಬಳಗಕ್ಕೆ ಸೇರಿದವು. ಏಷ್ಯವು ಬಾಲಿಯಲ್ಲಿ ಮುಗಿದು, ಲೊಂಬೊಕ್ಕಿನಿಂದಾಚೆ ಬೇರೊಂದು ಲೋಕ ಮೊದಲಾಗುವಂತಿತ್ತು.

ಅವನ ಊಹೆ ಹೀಗಿತ್ತು: ಪಶ್ಚಿಮದ ದೊಡ್ಡ ದ್ವೀಪಗಳ ಸುತ್ತಣ ಕಡಲು ಆಳವಿಲ್ಲದ್ದು, ಹಿಂದೊಮ್ಮೆ ಅವೆಲ್ಲ ಏಷ್ಯದ ನೆಲಕ್ಕೆ ಅಂಟಿಕೊಂಡಿದ್ದುವು, ಪ್ರಾಣಿಗಳು ನಡೆದೇ ಬಂದುವು. ಇಂದಿನ ಭೂವಿಜ್ಞಾನವೂ ಇದನ್ನೇ ಹೇಳುತ್ತದೆ. ಹಿಮಯುಗಗಳಲ್ಲಿ ಸಮುದ್ರದ ಮಟ್ಟ ನೂರು ಮೀಟರಿಗೂ ಹೆಚ್ಚು ತಗ್ಗಿದಾಗ ಸುಮಾತ್ರ, ಜಾವಾ, ಬೋರ್ನಿಯೋ, ಬಾಲಿಗಳು ಏಷ್ಯದೊಡನೆ ಒಂದಾದುವು. ಲೊಂಬೊಕ್ಕಿನ ಜಲಸಂಧಿ ಮಾತ್ರ ತುಂಬ ಆಳವಾದ್ದರಿಂದ ಆಗಲೂ ಬತ್ತಲಿಲ್ಲ. ಈ ಗಡಿಗೆ 1868ರಲ್ಲಿ ವಿಜ್ಞಾನಿ ಹಕ್ಸ್‌ಲಿ ವಾಲೇಸ್ ರೇಖೆ ಎಂಬ ಹೆಸರಿಟ್ಟ. ನೇರ ಹಡಗು ಸಿಕ್ಕಿದ್ದರೆ ಈ ದ್ವೀಪಗಳನ್ನು ತಾನು ನೋಡುತ್ತಲೇ ಇರಲಿಲ್ಲವೇನೋ ಎಂದು ವಾಲೇಸನೇ ಒಪ್ಪಿಕೊಂಡಿದ್ದಾನೆ.

ಲೊಂಬೊಕ್ಕಿನ ಮೂಲನಿವಾಸಿಗಳು ಮುಸಲ್ಮಾನರು. ಆಗ ಅಲ್ಲಿ ಆಳುತ್ತಿದ್ದವರು ಬಾಲಿಯಿಂದ ಬಂದ ಹಿಂದೂ ಅರಸರು. ವಾಲೇಸನು ಕೇಳಿ ಬರೆದಿಟ್ಟ ಕಥೆಯೊಂದು ಅಲ್ಲಿನದು. ಪ್ರಜೆಗಳು ತಲೆಗಿಷ್ಟೆಂದು ಕೊಡುವ ಅಕ್ಕಿಯ ಕಂದಾಯ ವರ್ಷವರ್ಷಕ್ಕೂ ಕಡಮೆಯಾಗುತ್ತಿತ್ತು. ಕೆಳಗಿನ ಅಧಿಕಾರಿಗಳು ನುಂಗುತ್ತಿದ್ದರೆಂಬುದು ರಾಜನಿಗೆ ಗೊತ್ತು. ತಲೆ ಎಣಿಸಲು ಆಜ್ಞೆ ಮಾಡಿದರೆ ಎಣಿಸುವವರು ಅದೇ ಅಧಿಕಾರಿಗಳು. ರಾಜನು ಪವಿತ್ರವಾದ ಪರ್ವತವನ್ನೇರಿ ಇಳಿದು ಬಂದು, ದೇಶಕ್ಕೆ ಮಾರಿಬೇನೆ ಬರಲಿದೆಯೆಂದೂ, ಪ್ರತಿಯೊಬ್ಬರ ಹೆಸರಿನಲ್ಲಿಯೂ ಒಂದೊಂದು ಸೂಜಿಯನ್ನು ಕೂಡಿಸಿ ಕರಗಿಸಿ ಕಠಾರಿಗಳನ್ನು ಮಾಡಿಸಬೇಕೆಂದೂ, ಲೆಕ್ಕ ತಪ್ಪಿದ ಹಳ್ಳಿಗೆ ಅದರ ರಕ್ಷೆ ಇಲ್ಲವೆಂದೂ ದೇವತೆಯ ಅಪ್ಪಣೆಯಾಗಿದೆ ಎಂದು ಸಾರಿದ. ಹಳ್ಳಿಹಳ್ಳಿಯಿಂದ ಸೂಜಿಯ ಕಟ್ಟುಗಳು ಒಂದೂ ತಪ್ಪದೆ ಬಂದುವು. ಮುಂದಿನ ಕಂದಾಯದ ಕಾಲದಲ್ಲಿ ರಾಜನು ಸೂಜಿಯ ಲೆಕ್ಕವನ್ನು ಮುಂದಿಟ್ಟು ಅಧಿಕಾರಿಗಳ ಬಾಯಿ ಮುಚ್ಚಿಸಿದ. ನಿಜವೋ ಕಟ್ಟುಕಥೆಯೋ, ಜೀರುಂಡೆ ಹುಡುಕಲು ಬಂದವನು ಇಂಥದಕ್ಕೂ ಕಿವಿಗೊಟ್ಟಿದ್ದನೆಂಬುದು ನನಗೆ ಸಂತೋಷದ ವಿಷಯ.

ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಮಕಾಸರಿನಿಂದ, ನ್ಯೂಗಿನಿಗೆ ಹತ್ತಿರದ ಆರು ದ್ವೀಪಗಳಿಗೆ ಹೊರಟ ವ್ಯಾಪಾರದ ಹಾಯಿಹಡಗನ್ನೇರಿದ. ಇಲ್ಲಿ ಆರು ಎಂಬುದು ಹೆಸರು, ಎಣಿಕೆಯಲ್ಲ. ಮೇಲ್ತಟ್ಟಿನ ಮೇಲೆ ಹುಲ್ಲು ಹೊದಿಸಿದ, ನಾಲ್ಕಡಿ ಎತ್ತರದ ಗೂಡು ಅವನ ಕೋಣೆ. ಯೂರೋಪಿನ ಹಡಗುಗಳ ಡಾಂಬರು, ಎಣ್ಣೆ, ಬಣ್ಣಗಳ ಕಮಟು ಅಲ್ಲಿರಲಿಲ್ಲ. ಬಿದಿರು, ಬೆತ್ತ, ತೆಂಗಿನ ನಾರುಗಳ ತಿಳಿಯಾದ ವಾಸನೆ. ತನ್ನ ಸಮುದ್ರಯಾನಗಳಲ್ಲೆಲ್ಲ ಅಷ್ಟು ಹಿತವಾದ ನೆಲೆಯನ್ನು ಕಂಡಿರಲಿಲ್ಲವೆಂದು ಅವನ ಅಭಿಪ್ರಾಯ. ಆರು ದ್ವೀಪಗಳ ದೋಬೊ ಬಂದರನ್ನು ಮುಟ್ಟಿದ್ದು 1857ರ ಜನವರಿಯಲ್ಲಿ. ಚೀನಿ, ಬುಗಿ, ಜಾವಾದ ವರ್ತಕರು ಕೂಡಿದ್ದ ಆ ಊರಿನಲ್ಲಿ ಪೋಲೀಸರಿಲ್ಲ, ನ್ಯಾಯಾಲಯವಿಲ್ಲ. ಆದರೂ ಯಾರೂ ಯಾರ ಕುತ್ತಿಗೆಯನ್ನೂ ಕೊಯ್ಯದೆ ವ್ಯಾಪಾರ ನಡೆಯುತ್ತಿತ್ತು. ಸರ್ಕಾರವೆಂದರೇನು, ಎಷ್ಟು ಬೇಕು ಎಂದು ಅವನು ಅಲ್ಲಿ ಕುಳಿತು ಯೋಚಿಸಿದ.

ಆ ಕಾಡಿನಲ್ಲಿಯೇ ಅವನ ಆಳುಹುಡುಗನೊಬ್ಬ ಸ್ವರ್ಗಪಕ್ಷಿಗಳಲ್ಲಿ ಪುಟ್ಟದಾದ ರಾಜಪಕ್ಷಿಯೊಂದನ್ನು ಹೊಡೆದು ತಂದ. ಗಾಜಿನ ಹೊಳಪಿನ ಕೆಂಪು ಮೈ, ಬಿಳಿಯ ಹೊಟ್ಟೆ, ಬಾಲದಿಂದ ಹೊರಟ ಎರಡು ತಂತಿಗಳ ತುದಿಯಲ್ಲಿ ಸುರುಳಿ ಸುತ್ತಿದ ಹಸುರು ಬಿಲ್ಲೆಗಳು. ಹಕ್ಕಿಯನ್ನು ಕೈಯಲ್ಲಿ ಹಿಡಿದು ಅವನು ಯೋಚಿಸಿದ್ದರ ಸಾರಾಂಶ ಇದು: ಎಷ್ಟೋ ಯುಗಗಳಿಂದ ಈ ಚೆಲುವು ಕಾಡಿನ ಕತ್ತಲೆಯಲ್ಲಿ ಹುಟ್ಟಿ ಸಾಯುತ್ತಿದೆ, ನೋಡಿ ಮೆಚ್ಚುವವರಿಲ್ಲ; ನಾಗರಿಕ ಮನುಷ್ಯ ಇಲ್ಲಿಗೆ ಬಂದರೆ ನೋಡಿ ಮೆಚ್ಚುವ ಶಕ್ತಿಯುಳ್ಳ ಅವನೇ ಕಾಡಿನ ಸಮತೂಕವನ್ನು ಕೆಡಿಸಿ ಇದನ್ನು ಅಳಿಸಿಬಿಡುತ್ತಾನೆ; ಹಾಗಾದರೆ ಜೀವಿಗಳೆಲ್ಲ ಮನುಷ್ಯನಿಗಾಗಿ ಹುಟ್ಟಿದುವೆಂಬ ಮಾತು ಸುಳ್ಳು. ಸತ್ತ ಹಕ್ಕಿಯನ್ನು ಕೈಯಲ್ಲಿ ಹಿಡಿದವನಿಗೆ ಈ ಯೋಚನೆ ಬಂದಿತು. ಬೋರ್ನಿಯೋದ ಮರಿಯ ಬಳಿ ನಾವು ಕಂಡ ಇಕ್ಕಟ್ಟು ಇಲ್ಲಿ ಅವನ ಅರಿವಿಗೂ ಬಂದಂತಿದೆ.

ಪ್ರಯಾಣದ ಸುಖವನ್ನಷ್ಟೇ ಹೇಳಿದರೆ ಸುಳ್ಳು ಹೇಳಿದಂತಾದೀತು. ಆರು ದ್ವೀಪಗಳಲ್ಲಿ ಹುಳುಗಳು ಕಚ್ಚಿ ಕಾಲು ಹುಣ್ಣಾಗಿ ವಾರಗಟ್ಟಲೆ ಹೊರಗೆ ಕಾಲಿಡಲಾಗಲಿಲ್ಲ. ನ್ಯೂಗಿನಿಯಲ್ಲಿ ಕೆಲಸದ ತರುಣನೊಬ್ಬ ಬೇನೆ ಬಿದ್ದು ಸತ್ತ. 1860ರಲ್ಲಿ ಸ್ವಂತ ದೋಣಿಯಲ್ಲಿ ವೈಗಿಯೋ ದ್ವೀಪಕ್ಕೆ ಹೋಗಿ ಬಂದ ಕಥೆಯಂತೂ ಕಷ್ಟಗಳ ಒಂದು ಜಾಬಿತೆ. ಮೊದಲ ಅಂಬಿಗರು ಓಡಿಹೋದರು. ಇಬ್ಬರು ನಿರ್ಜನ ದ್ವೀಪವೊಂದರಲ್ಲಿ ಒಂದು ತಿಂಗಳು ಸಿಕ್ಕಿಬಿದ್ದರು. ದೋಣಿ ಹತ್ತು ಸಲ ಹವಳದ ದಿಬ್ಬಕ್ಕೆ ತಗುಲಿತು. ನಾಲ್ಕು ಲಂಗರುಗಳು ಹೋದುವು. ಹಾಯಿಯನ್ನು ಇಲಿ ತಿಂದುವು. ಹನ್ನೆರಡು ದಿನಗಳ ಹಿಂದಾರಿಗೆ ಮೂವತ್ತೆಂಟು ದಿನ ಹಿಡಿಯಿತು. ಆದರೂ ಇನ್ನೊಂದು ದ್ವೀಪ ದಿಗಂತದಲ್ಲಿ ಕಂಡರೆ ಅವನು ಹೋಗಲೇಬೇಕು. ನನಗೆ ತೋರುವ ಕಾರಣ ಇಷ್ಟು. ದೊಡ್ಡ ಭೂಖಂಡದಲ್ಲಿ ನಡೆಯುವವನಿಗೆ ಬದಲಾವಣೆ ಮೆಲ್ಲಮೆಲ್ಲನೆ ಬರುತ್ತದೆ. ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಯಿತೆಂಬುದು ತಿಳಿಯುವುದಿಲ್ಲ. ದ್ವೀಪಗಳ ನಾಡಿನಲ್ಲಿ ಹಾಗಲ್ಲ. ಒಂದು ರಾತ್ರಿ ದೋಣಿಯಲ್ಲಿ ಮಲಗಿ ಎದ್ದರೆ ಪಾತರಗಿತ್ತಿಯ ಬಣ್ಣ ಬೇರೆ, ಮಾತು ಬೇರೆ, ಊಟ ಬೇರೆ, ದೇವರು ಬೇರೆ. ನೆರೆಮನೆಯಷ್ಟು ಹತ್ತಿರವಿದ್ದೂ ಇಷ್ಟು ಬೇರೆಯಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ದಡವೂ ಕೇಳುತ್ತದೆ.

ಆ ಪ್ರಶ್ನೆಗೆ ಉತ್ತರ ಹೊಳೆದದ್ದು 1858ರ ಫೆಬ್ರವರಿಯಲ್ಲಿ, ಲವಂಗದ ವ್ಯಾಪಾರಕ್ಕೆ ಹೆಸರಾದ ಟೆರ್ನಾಟೆ ದ್ವೀಪದ ಕಡೆಯಲ್ಲಿ. ಅಲ್ಲಿ ಆಳವಾದ ಬಾವಿಯುಳ್ಳ ಮನೆಯೊಂದನ್ನು ಹಿಡಿದು, ಪ್ರವಾಸಗಳ ನಡುವೆ ಮರಳಿ ಬಂದು ದಣಿವಾರಿಸಿಕೊಳ್ಳುತ್ತಿದ್ದ. ಚಳಿಜ್ವರದಿಂದ ಹೊದಿಕೆ ಹೊದ್ದು ನಡುಗುತ್ತ ಮಲಗಿದ್ದಾಗ, ಎಂದೋ ಓದಿದ್ದ ಮಾಲ್ಥಸನ ಗ್ರಂಥ ನೆನಪಾಯಿತು. ರೋಗ, ಕ್ಷಾಮ, ಯುದ್ಧಗಳು ಮನುಷ್ಯರ ಸಂಖ್ಯೆಯನ್ನು ತಡೆಹಿಡಿಯುವಂತೆ ಪ್ರಾಣಿಗಳಲ್ಲಿಯೂ ಹುಟ್ಟಿದವುಗಳಲ್ಲಿ ಬಹುಪಾಲು ಸಾಯುತ್ತವೆ, ಉಳಿಯುವವು ಯಾವುವು? ತಮ್ಮ ನೆಲೆಗೆ ಹೆಚ್ಚು ಒಗ್ಗಿದವು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಒಂದು ಬಗೆ ಬೇರೊಂದಾಗುತ್ತದೆ. ಜ್ವರ ಇಳಿದ ಮೇಲೆ ಎರಡು ಸಂಜೆಗಳಲ್ಲಿ ಇದನ್ನು ಬರೆದು ಡಾರ್ವಿನನಿಗೆ ಅಂಚೆಯಲ್ಲಿ ಕಳಿಸಿದ.

ಇಪ್ಪತ್ತು ವರ್ಷಗಳಿಂದ ಅದೇ ತತ್ತ್ವವನ್ನು ಮಥಿಸುತ್ತ ಪ್ರಕಟಿಸದೆ ಕುಳಿತಿದ್ದ ಡಾರ್ವಿನನಿಗೆ ಆ ಕಾಗದ ಸಿಡಿಲಿನಂತೆ ಎರಗಿತು. ಸ್ನೇಹಿತರು ಇಬ್ಬರ ಬರಹಗಳನ್ನೂ ಕೂಡಿಸಿ 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಓದಿಸಿದರು. ಹಸುಳೆಯನ್ನು ಕಳೆದುಕೊಂಡ ದುಃಖದಲ್ಲಿದ್ದ ಡಾರ್ವಿನನು ಅಲ್ಲಿಗೆ ಹೋಗಲಿಲ್ಲ. ಸಹಸ್ರಾರು ಮೈಲಿ ದೂರದಲ್ಲಿದ್ದ ವಾಲೇಸನ ಒಪ್ಪಿಗೆಯನ್ನು ಕೇಳುವಷ್ಟು ಸಮಯವೂ ಇರಲಿಲ್ಲ. ಮರುವರ್ಷ ಡಾರ್ವಿನನ ಮಹಾಗ್ರಂಥ ಹೊರಬಂದು ಲೋಕವನ್ನೇ ಕದಡಿತು. ವಾಲೇಸನು ಈ ಬಗ್ಗೆ ಕಹಿಯಾಗಿ ಆಡಿದ್ದನ್ನು ನಾನು ಎಲ್ಲಿಯೂ ಓದಿಲ್ಲ. ತನ್ನ ಪ್ರವಾಸಗ್ರಂಥವನ್ನು ಅವನು ಅರ್ಪಿಸಿದ್ದು ಡಾರ್ವಿನನಿಗೆ. 1889ರಲ್ಲಿ ಬರೆದ ಸಿದ್ಧಾಂತಗ್ರಂಥಕ್ಕೆ ಇಟ್ಟ ಹೆಸರೂ ಡಾರ್ವಿನ್‌ವಾದವೆಂದೇ.

1861ರಲ್ಲಿ ಜಾವಾದಲ್ಲಿ ನಡೆದುದು ಕನ್ನಡಿಗರಿಗೆ ರುಚಿಸೀತು. ಮಜಪಹಿತ್ ಸಾಮ್ರಾಜ್ಯದ ಅವಶೇಷಗಳ ಬಳಿ ಒಬ್ಬರ ಮನೆಯಲ್ಲಿ ಅವನು ಕಲ್ಲಿನ ಉಬ್ಬುಶಿಲ್ಪವೊಂದನ್ನು ನೋಡಿ ಮೆಚ್ಚಿದ. ಅದು ಅವನಿಗೆ ಉಡುಗೊರೆಯಾಗಿ ಬಂದಿತು. ಎಂಟು ತೋಳುಗಳ ದೇವಿ, ಕಾಲ ಕೆಳಗೆ ಮಂಡಿಯೂರಿದ ಮಹಿಷ, ಒಂದು ಕೈಯಲ್ಲಿ ಅದರ ಬಾಲ, ಇನ್ನೊಂದರಲ್ಲಿ ಅಸುರನ ಜುಟ್ಟು. ಜಾವಾದ ಜನ ಅವಳನ್ನು ಲೊರೊ ಜೊಂಗ್ರಾಂಗ್ ಎಂದು ಕರೆಯುತ್ತಿದ್ದರು. ಮಹಿಷಾಸುರನ ಹೆಸರನ್ನು ಅವನು ತನ್ನ ಕಿವಿಗೆ ಬಿದ್ದಂತೆ ತೊಡಕುತೊಡಕಾಗಿ ಬರೆದುಕೊಂಡಿದ್ದಾನೆ. ಮೈಸೂರಿನ ಬೆಟ್ಟದ ಮೆಟ್ಟಿಲು ಹತ್ತಿದ ಯಾವ ಮಗುವೂ ಆ ಹೆಸರನ್ನು ತಿದ್ದಿಕೊಡಬಲ್ಲುದು. ಪ್ರಾಣಿಗಳಂತೆ ದೇವತೆಗಳೂ ಕಡಲು ದಾಟಿ, ಹೊಸ ನೆಲದಲ್ಲಿ ಹೊಸ ಹೆಸರು ಪಡೆಯುವುದನ್ನು ಕಂಡಾಗ ಭಾಷೆಯ ಪಾಠ ಹೇಳುವವನಿಗೂ ವಾಲೇಸನ ಪ್ರಶ್ನೆ ತನ್ನದೇ ಎನ್ನಿಸುತ್ತದೆ. ಒಂದೇ ಮೂಲದ ಮಾತುಗಳು ನದಿಯೊಂದರ, ಘಟ್ಟವೊಂದರ ಆಚೆ ಈಚೆ ಬೇರೆಯಾಗುವುದನ್ನು ನಾವು ತರಗತಿಯಲ್ಲಿ ದಿನವೂ ಹೇಳುತ್ತೇವಲ್ಲವೆ?

ಅವನ ಕಣ್ಣಿಗೂ ಮಂಜು ಕವಿದ ಕಡೆಗಳಿದ್ದುವು. ಜನಾಂಗಗಳ ಸ್ವಭಾವವನ್ನು ಅಳೆಯುವಾಗ ಅವನು ತನ್ನ ಕಾಲದ ಯೂರೋಪಿಯನನೇ. ಜಾವಾದ ರೈತರಿಂದ ಕಾಫಿ, ಕಬ್ಬುಗಳನ್ನು ಬಲವಂತವಾಗಿ ಬೆಳೆಸಿದ ಡಚ್ಚರ ಪದ್ಧತಿಯನ್ನು ಅವನು ಹೊಗಳಿದ. ಹಕ್ಕಿಯ ಪರವಾಗಿ ಮರುಗಿದ ಮನಸ್ಸು ರೈತನ ಬೆನ್ನಿನ ಹೊರೆಯನ್ನು ಪೂರಾ ಕಾಣಲಿಲ್ಲ. ಆದರೆ ಇಂಗ್ಲೆಂಡಿನ ಬಡತನವನ್ನು ನೆನೆದು, ಈ ದ್ವೀಪಗಳ ಜನರ ಸಮಾನತೆಯ ಬಾಳಿನ ಮುಂದೆ ತನ್ನ ನಾಡಿನ ನಾಗರಿಕತೆ ತಲೆತಗ್ಗಿಸಬೇಕೆಂದು ಬರೆದವನೂ ಅವನೇ.

1862ರಲ್ಲಿ ವಾಲೇಸನು ಎರಡು ಜೀವಂತ ಸ್ವರ್ಗಪಕ್ಷಿಗಳೊಡನೆ ತಾಯ್ನಾಡಿಗೆ ಮರಳಿದ. ದಾರಿಯಲ್ಲಿ ಬೊಂಬಾಯಿಯಲ್ಲಿ ಒಂದು ವಾರ ತಂಗಿ ಅವುಗಳಿಗೆ ಬಾಳೆಯ ಹಣ್ಣನ್ನು ತುಂಬಿಕೊಂಡ. ಮುಂದೆ ಮಾಲ್ಟಾದಲ್ಲಿ ರೊಟ್ಟಿ ಬೇಯಿಸುವ ಮನೆಯಿಂದ ಜಿರಲೆಗಳನ್ನು ಹಿಡಿದು ತಂದ. ಎಂಟು ವರ್ಷಗಳಲ್ಲಿ ಕೂಡಿಸಿದ ಮಾದರಿಗಳು 1,25,660. ಅವನ್ನು ವಿಂಗಡಿಸುವುದರಲ್ಲಿಯೇ ವರ್ಷಗಳು ಕಳೆದು, ಮಲಯ ದ್ವೀಪಸ್ತೋಮವನ್ನು ಕುರಿತ ಗ್ರಂಥ ಹೊರಬಂದದ್ದು 1869ರಲ್ಲಿ. ಹಣ ಅವನ ಕೈಯಲ್ಲಿ ನಿಲ್ಲಲಿಲ್ಲ. 1881ರಲ್ಲಿ ಡಾರ್ವಿನನೇ ಮುಂದೆ ನಿಂತು ವರ್ಷಕ್ಕೆ 200 ಪೌಂಡಿನ ಸರ್ಕಾರಿ ವಿಶ್ರಾಂತಿವೇತನ ದೊರೆಯುವಂತೆ ಮಾಡಿದ. 1913ರ ನವೆಂಬರ್ 7ರಂದು, ತೊಂಬತ್ತು ತುಂಬಿದ ಮೇಲೆ, ವಾಲೇಸನು ಕಣ್ಣು ಮುಚ್ಚಿದ.

ಇನ್ನು ಅಲಿಯ ಮಾತು. 1858ರಲ್ಲಿ ಬಚನ್ ದ್ವೀಪದ ಕಾಡಿನಿಂದ, ಎದೆಯ ಮೇಲೆ ಹಸುರು ಮಿಂಚುವ, ಭುಜಗಳಿಂದ ಬಿಳಿಯ ಬಾವುಟದಂಥ ಗರಿಗಳು ಹೊರಟ ಸ್ವರ್ಗಪಕ್ಷಿಯೊಂದನ್ನು ಹೊಡೆದು ತಂದವನು ಅಲಿ. ವಿಜ್ಞಾನಲೋಕಕ್ಕೆ ಅದು ಹೊಸದು; ಅದಕ್ಕೆ ಬಂದ ಹೆಸರು ವಾಲೇಸನದು. ಸಂಗ್ರಹದ ಹಕ್ಕಿಗಳಲ್ಲಿ ಬಹುಪಾಲು ಅಲಿಯ ಕೈಯಿಂದಲೇ ಬಂದುವು. ಅಗಲುವಾಗ ವಾಲೇಸನು ಅವನಿಗೆ ಹಣವನ್ನೂ ಬಂದೂಕುಗಳನ್ನೂ ಕೊಟ್ಟು, ಅವನ ಒಂದು ಭಾವಚಿತ್ರವನ್ನು ತೆಗೆಸಿಕೊಂಡ. 1905ರ ಆತ್ಮಕಥೆಯಲ್ಲಿ ಆ ಚಿತ್ರವನ್ನು ಅಚ್ಚು ಮಾಡಿಸಿ, ತನಗೆ ದೊರೆತ ಸೇವಕರಲ್ಲಿ ಅವನೇ ಉತ್ತಮನೆಂದು ನೆನೆದ.

ಅದಾದ ಎರಡು ವರ್ಷಕ್ಕೆ, 1907ರಲ್ಲಿ, ಥಾಮಸ್ ಬಾರ್ಬರ್ ಎಂಬ ಅಮೆರಿಕದ ತರುಣ ಪ್ರಾಣಿಶಾಸ್ತ್ರಜ್ಞ ಟೆರ್ನಾಟೆಗೆ ಬಂದಿದ್ದ. ಸುಕ್ಕುಗಟ್ಟಿದ ಮೈಯ ಮಲಯ ಮುದುಕನೊಬ್ಬ ದಾರಿಯಲ್ಲಿ ಅವನನ್ನು ತಡೆದು ನಿಲ್ಲಿಸಿ, ತನ್ನ ಹೆಸರು ಅಲಿ ವಾಲೇಸ್ ಎಂದು ಹೇಳಿಕೊಂಡ. ಅಗಲಿಕೆಯಾಗಿ ನಲವತ್ತೈದು ವರ್ಷಗಳಾಗಿದ್ದುವು. ಭೂಪಟದಲ್ಲಿ ಟೆರ್ನಾಟೆ ಸಾಸಿವೆಯಷ್ಟು ಚುಕ್ಕೆ. ನಮ್ಮ ವಾಚನಾಲಯದ ಪಟದಲ್ಲಿ ಆ ಜಾಗದ ಕಾಗದ ನನ್ನ ಬೆರಳು ತಾಗಿ ತಾಗಿ ಮಾಸಿದೆ. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ಇನ್ನೊಮ್ಮೆ ಸಿಕ್ಕಿದರೆ ಮೊದಲು ಅದನ್ನು ತೋರಿಸಬೇಕೆಂದಿದ್ದೇನೆ.